ಬಜ್ಪೆಯ ರನ್‌ವೇಗೆ ನೇರವಾಗಲು ನಾಲ್ಕು ತಿಂಗಳು

ಮೊನ್ನೆ ಭಾನುವಾರ ಬೆಳಗ್ಗೆ ಕಂಪ್ಯೂಟರಿನ ಪರದೆಯಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ ಸೆಸ್ನಾ 172 ಎಂಬ ಸಣ್ಣ ವಿಮಾನವನ್ನು ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯ ರನ್‌ವೇ 24ರ ನಡುಗೆರೆಯ ಮೇಲೆ ಇಳಿಸಿದೆ. ಆಟೋಪೈಲಟ್ ಇಲ್ಲ, ರೇಡಿಯೋ ಕಿರಣದ ಸಹಾಯ ಇಲ್ಲ, ಬರೀ ಕಣ್ಣಳತೆ. ನನ್ನ ನೋಟ್‌ಬುಕ್ಕಿನಲ್ಲಿ ಅದು 214ನೇ ಪ್ರಯತ್ನ. ಜೂನ್ ಮೊದಲ ವಾರ ಶುರು ಮಾಡಿದ್ದು, ಅಕ್ಟೋಬರ್ ಬಂತು. ನಾನು ಎಡವಿದ ಜಾಗಗಳಲ್ಲಿ ಅರ್ಧವನ್ನಾದರೂ ಯಾರಾದರೂ ಕನ್ನಡದಲ್ಲಿ ಮೊದಲೇ ಹೇಳಿದ್ದರೆ ಇಷ್ಟು ದಿನ ಹಿಡಿಯುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಕನ್ನಡ ಮಾಧ್ಯಮ ಶಾಲೆಯಲ್ಲಿ 29 ವರ್ಷ ಗಣಿತ ಪಾಠ ಮಾಡಿ ಈ ಮೇ 31ಕ್ಕೆ ನಿವೃತ್ತಳಾದೆ. ಮಗ ಶಾರ್ಜಾದಲ್ಲಿದ್ದಾನೆ. ಹೋದ ವರ್ಷ ಅವನಲ್ಲಿಗೆ ಹೋಗಿ ಬರುವಾಗ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಬಜ್ಪೆ ಹತ್ತಿರ ಬರುವಾಗ ಕೆಳಗೆ ಗುಡ್ಡ, ತೋಟ, ಕೆಂಪು ಮಣ್ಣು ಎಲ್ಲ ಕಾಣುತ್ತಿತ್ತು. ರನ್‌ವೇ ಮಾತ್ರ ಕಾಣಲಿಲ್ಲ. ನಮಗೆ ಕಾಣುವುದು ಪಕ್ಕ, ಪೈಲಟ್‌ಗೆ ಬೇಕಾದ್ದು ಮುಂದೆ, ಅಲ್ವಾ? ಗುಡ್ಡದ ತಲೆಯ ಮೇಲಿನ ಆ ಸಣ್ಣ ಪಟ್ಟಿಗೆ ಇಷ್ಟು ದೂರದಿಂದ ಹೇಗೆ ನೇರ ಹಿಡಿಯುತ್ತಾರೆ ಎಂಬ ಪ್ರಶ್ನೆ ಅಂದಿನಿಂದ ತಲೆಯಲ್ಲಿತ್ತು. ದೊಡ್ಡ ವಿಮಾನಗಳಿಗೆ ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆ ದಾರಿ ತೋರಿಸುತ್ತದೆ ಎಂದು ಆಮೇಲೆ ತಿಳಿಯಿತು. ಅದಿಲ್ಲದೆ ಕಣ್ಣಿನಿಂದಲೇ ಇಳಿಸುವುದು ಹೇಗೆ ಎನ್ನುವುದು ನನಗೆ ಬೇಕಿತ್ತು. ಅದು ಪೂರ್ತಿ ರೇಖಾಗಣಿತ.

ಮಗನ ಹಳೆಯ ಕಂಪ್ಯೂಟರ್ ಮನೆಯಲ್ಲೇ ಇತ್ತು. ಅಣ್ಣನ ಮಗ ಬಂದು ನೋಡಿದ. "ಅತ್ತೇ, ಮೈಕ್ರೋಸಾಫ್ಟ್‌ನ 2020ರ ಫ್ಲೈಟ್ ಸಿಮ್ಯುಲೇಟರ್ ಇದರಲ್ಲಿ ಓಡ್ಲಿಕ್ಕಿಲ್ಲ. ಅದಕ್ಕೆ 150 ಜಿಬಿ ಜಾಗವೇ ಬೇಕು" ಅಂದ. ಅವನೇ ಫ್ಲೈಟ್‌ಗಿಯರ್ ಎಂಬ ಇನ್ನೊಂದು ಸಿಮ್ಯುಲೇಟರ್ ಹಾಕಿಕೊಟ್ಟ. ಇದು ಪೂರ್ತಿ ಉಚಿತ. ಹಣ ಖರ್ಚು ಮಾಡುವ ಮೊದಲು ಇದರಲ್ಲೇ ಒಂದೆರಡು ವಾರ ಹಾರಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. 8 ಜಿಬಿ ರ‍್ಯಾಮ್ ಮಾತ್ರ ಜಾಸ್ತಿ ಹಾಕಿಸಬೇಕಾಯಿತು. ಅದಕ್ಕೆ 1,900 ರೂಪಾಯಿ.

ಮೊದಲ ದಿನ ಬಜ್ಪೆಯನ್ನು ಆರಿಸಿ ಶುರು ಮಾಡಿದರೆ ಸುತ್ತ ಬರೀ ನೀಲಿ ನೀರು. ವಿಮಾನ ಸಮುದ್ರದ ಮಧ್ಯೆ ನಿಂತಿದೆ. ಏನೋ ಕೆಟ್ಟಿತು ಎಂದುಕೊಂಡು ಎರಡು ಸಲ ತೆಗೆದು ಮತ್ತೆ ಹಾಕಿಸಿದೆ. ಕೆಟ್ಟದ್ದು ಯಾವುದೂ ಅಲ್ಲ. ಫ್ಲೈಟ್‌ಗಿಯರ್ ಆಯಾ ಊರಿನ ನೆಲವನ್ನು ಅಲ್ಲಿಗೆ ಹೋದ ಮೇಲೆ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಟೆರಾಸಿಂಕ್ ಎಂದು ಅದರ ಹೆಸರು. ಇಳಿಯುವವರೆಗೆ ನೆಲದ ಜಾಗದಲ್ಲಿ ಸಮುದ್ರ ಕಾಣುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಬರುವುದೇ ಬಿಟ್ಟು ಬಿಟ್ಟು. ಒಂದು ರಾತ್ರಿ ಹಾಗೇ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಗುಡ್ಡ, ಹೊಳೆ, ರನ್‌ವೇ ಎಲ್ಲ ಬಂದಿದ್ದವು. ಆ ಬೆಳಗಿನ ಖುಷಿ ಈಗಲೂ ನೆನಪಿದೆ.

ಇನ್ನೊಂದು ತಪ್ಪು ಹದಿನೈದು ದಿನ ನುಂಗಿತು. ಶುರುವಿನ ಪರದೆಯಲ್ಲಿ ಹವಾಮಾನ ಎಂಬ ಕಡೆ ನಿಜವಾದ ಹವಾಮಾನ ತರುವ ಆಯ್ಕೆ ಇದೆ. ನಿಜಕ್ಕೆ ಹತ್ತಿರ ಇರಲಿ ಎಂದು ನಾನು ಅದನ್ನೇ ಇಟ್ಟಿದ್ದೆ. ಜೂನ್ ತಿಂಗಳ ಬಜ್ಪೆ! ಹೊರಗೆ ಅಂಗಳದಲ್ಲಿ ಯಾವ ಮಳೆಯೋ ಪರದೆಯಲ್ಲೂ ಅದೇ ಮಳೆ. ಮೋಡ ತಗ್ಗಿನಲ್ಲಿ, ಗಾಳಿ ಪಕ್ಕದಿಂದ. ರನ್‌ವೇ ಕಾಣುವ ಹೊತ್ತಿಗೆ ಅದನ್ನು ದಾಟಿ ಹೋಗಿರುತ್ತಿದ್ದೆ. ನನ್ನಿಂದ ಆಗದ ಕೆಲಸ ಎಂದು ಬೇಸರವಾಗಿ ಮೂರು ದಿನ ಕಂಪ್ಯೂಟರನ್ನೇ ಮುಟ್ಟಲಿಲ್ಲ. ಕಲಿಯುವವರು ದಯವಿಟ್ಟು ಗಾಳಿಯನ್ನು ಸೊನ್ನೆಗೆ ಇಟ್ಟುಕೊಳ್ಳಿ. ಆಕಾಶ ತಿಳಿಯಾಗಿರಲಿ, ಹೊತ್ತು ಬೆಳಗಿನ ಒಂಬತ್ತೋ ಹತ್ತೋ ಇರಲಿ. ಮಗುವಿಗೆ ಮೊದಲ ದಿನವೇ ಭಿನ್ನರಾಶಿ ಕಲಿಸುವುದಿಲ್ಲ.

ಜಾಯ್‌ಸ್ಟಿಕ್‌ನ ಕಥೆ ಸ್ವಲ್ಪ ಉದ್ದ. ಕೀಬೋರ್ಡಿನಲ್ಲಿ ನೇರ ಹಿಡಿಯುವುದು ತುಂಬಾ ಕಷ್ಟ. ಒಂದು ಸಲ ಒತ್ತಿದರೆ ಕಡಿಮೆ, ಎರಡು ಸಲ ಒತ್ತಿದರೆ ಜಾಸ್ತಿ. ಹಾಗಾಗಿ ಜೂನ್ ನಡುವಿನಲ್ಲಿ ಆನ್‌ಲೈನಿನಲ್ಲಿ 4,350 ರೂಪಾಯಿಯ ಒಂದು ಜಾಯ್‌ಸ್ಟಿಕ್ ತರಿಸಿದೆ. ಹಿಡಿಯನ್ನು ತಿರುಚಿದರೆ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ, ತಿರುಗುವಂಥದ್ದು. ಅದಕ್ಕೆಂದು ಕಾಲಿನ ಪೆಡಲ್ ಕೊಳ್ಳುವುದು ಬೇಡ ಎನ್ನುವವರಿಗೆ ಇದು ಸಾಕು. ಬರಲು ಒಂಬತ್ತು ದಿನ. ಕೊರಿಯರಿನವರು ಫೋನ್ ಮಾಡಿ, ನಿಮ್ಮ ಕಡೆ ಬರುವುದಿಲ್ಲ, ಕಾಸರಗೋಡಿಗೇ ಬಂದು ಒಯ್ಯಿರಿ ಎಂದು ಮಲಯಾಳದಲ್ಲಿ ಹೇಳಿದರು. ಮಳೆಯಲ್ಲಿ ಬಸ್ಸು ಹತ್ತಿ ಹೋಗಿ ತಂದೆ.

ತಂದ ಮೇಲೆ ವಿಮಾನ ಯಾವಾಗಲೂ ಎಡಕ್ಕೇ ಎಳೆಯುತ್ತಿತ್ತು. ಪ್ರತಿ ಸಲ ರನ್‌ವೇಯ ಎಡಕ್ಕೆ. ಇದು ನನ್ನ ಕೈಯ ತಪ್ಪು ಎಂದೇ ಹನ್ನೆರಡು ದಿನ ಕೈ ತಿದ್ದುತ್ತಾ ಕುಳಿತೆ. ಒಂದು ದಿನ ಅಣ್ಣನ ಮಗ ಬಂದು ವಿಂಡೋಸ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ ಎಂದು ಟೈಪ್ ಮಾಡಿ ತೆಗೆದ. ಜಾಯ್‌ಸ್ಟಿಕ್‌ನ ಒಂದೊಂದು ಚಲನೆಯೂ ಅಲ್ಲಿ ಗೆರೆಯಾಗಿ ಕಾಣುತ್ತದೆ. ಯಾರೂ ಮುಟ್ಟದೆ ಮೇಜಿನ ಮೇಲೆ ಇಟ್ಟಿದ್ದರೂ ತಿರುಚುವ ಗೆರೆ ನಡುವಿನಲ್ಲಿ ನಿಲ್ಲುತ್ತಿರಲಿಲ್ಲ, ಎಡಕ್ಕೆ ಜಾರಿ ನಿಂತಿತ್ತು. ಸರಿಹೊಂದಿಸಲು ನೋಡಿದೆವು. ಮತ್ತೆ ಜಾರಿತು. ಒಳಗೆಯೇ ದೋಷ.

ಹಿಂದಿರುಗಿಸಲು ಏಳು ದಿನದ ಗಡುವು. ಅದು ಆಗಲೇ ಮುಗಿದಿತ್ತು. ಉಳಿದದ್ದು ವಾರಂಟಿ. ಅದಕ್ಕೆ ಬಿಲ್ಲು, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರಿನ ಫೋಟೋ, ದೋಷ ಕಾಣುವ ವಿಡಿಯೋ, ಗುರುತಿನ ಚೀಟಿ ಎಲ್ಲ ಕೇಳಿದರು. ಪೆಟ್ಟಿಗೆಯನ್ನು ಇವರು, ಅಂದರೆ ನಮ್ಮ ಮನೆಯವರು, ಅಟ್ಟದಲ್ಲಿ ಹಾಳೆ ಕಟ್ಟಿಡಲು ಒಯ್ದಿದ್ದರು. ಪುಣ್ಯಕ್ಕೆ ನಂಬರಿನ ಚೀಟಿ ಹರಿದಿರಲಿಲ್ಲ. ಕಳಿಸುವ ಖರ್ಚು 380 ರೂಪಾಯಿ ನನ್ನದೇ. ಬದಲಿ ಬರಲು 24 ದಿನ. ನಡುವೆ ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಮೊದಲಿನಿಂದ ಕಥೆ ಹೇಳಬೇಕಾಯಿತು. ಹಾಗಾಗಿ, ಜಾಯ್‌ಸ್ಟಿಕ್ ಬಂದ ದಿನವೇ ಪೆಟ್ಟಿಗೆ ತೆರೆಯುವುದನ್ನು ವಿಡಿಯೋ ಮಾಡಿ, ಆ ದಿನವೇ ಗೆರೆಗಳನ್ನು ನೋಡಿ. ಪೆಟ್ಟಿಗೆಯನ್ನು ಒಂದು ತಿಂಗಳಾದರೂ ಯಾರಿಗೂ ಕೊಡಬೇಡಿ. ನಡುಮನೆಯಲ್ಲಿ ಹೊತ್ತು ಹೊತ್ತಿಗೆ ಕರೆಂಟು ಹೋಗುತ್ತಿದ್ದ ಕಾರಣ 3,200 ರೂಪಾಯಿಗೆ ಒಂದು ಯುಪಿಎಸ್ ಕೂಡ ಇದೇ ಸಮಯದಲ್ಲಿ ತಂದೆ. ಕೊನೆಯ ತಿರುವಿನಲ್ಲಿ ಪರದೆ ಆರಿಹೋದರೆ ಆಗುವ ಸಂಕಟ ಬೇಡ.

ಆ 24 ದಿನ ಸುಮ್ನೆ ಕುಳಿತುಕೊಳ್ಳಲಿಲ್ಲ. ಆಟಿ ತಿಂಗಳ ಮಳೆ, ಹೊರಗೆ ಹೋಗುವಂತೆಯೂ ಇಲ್ಲ. ಓದಿದೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ತನ್ನ ಜಾಲತಾಣದಲ್ಲಿ ನಿಲ್ದಾಣಗಳ ಮಾಹಿತಿ, ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಮಂಗಳೂರಿನ ಸಂಕೇತ ವಿಓಎಂಎಲ್. ಅದರ ಹಾಳೆಗಳನ್ನು ಇಳಿಸಿಕೊಂಡು ಪೇಟೆಯ ಒಂದು ಅಂಗಡಿಗೆ ಪ್ರಿಂಟಿಗೆ ಒಯ್ದೆ. ಅಂಗಡಿಯ ಹುಡುಗ ಪರದೆ ನೋಡಿ ಕೈ ಹಿಂದೆ ತೆಗೆದ. "ಇದೆಂತ ಟೀಚರೇ, ಏರ್‌ಪೋರ್ಟಿನ ನಕ್ಷೆ? ತೊಂದರೆ ಆಗ್ಲಿಕ್ಕಿಲ್ವಾ?" ಅಂದ. ಅವನ ಹೆದರಿಕೆಯಲ್ಲಿ ತಪ್ಪಿಲ್ಲ. ಸರಕಾರದ ಜಾಲತಾಣವನ್ನು ಅಲ್ಲೇ ತೆಗೆದು ತೋರಿಸಿದ ಮೇಲೆ ಆರು ಹಾಳೆ ಕೊಟ್ಟ. 60 ರೂಪಾಯಿ. ನಿಮಗೂ ಇಂಥದ್ದು ಎದುರಾದರೆ ಮೂಲದ ಪುಟವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ.

ಆ ಹಾಳೆಗಳಿಂದ ನನ್ನ ಒಂದು ದೊಡ್ಡ ತಪ್ಪು ಗೊತ್ತಾಯಿತು. ಬಜ್ಪೆ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 340 ಅಡಿ ಎತ್ತರದಲ್ಲಿದೆ. ಸರ್ಕಿಟ್, ಅಂದರೆ ರನ್‌ವೇಯ ಸುತ್ತ ಹಾಕುವ ಆಯತ, ನೆಲದಿಂದ 1,000 ಅಡಿ ಮೇಲೆ ಇರಬೇಕು. ನಾನು ಎತ್ತರವನ್ನು ಅಡಿಗಳಲ್ಲಿ ತೋರಿಸುವ ಮೀಟರಿನಲ್ಲಿ 1,000 ನೋಡಿ ಹಾರುತ್ತಿದ್ದೆ. ಮೀಟರ್ ತೋರಿಸುವುದು ಸಮುದ್ರದಿಂದ ಎತ್ತರ. ಹಾಗಾಗಿ ರನ್‌ವೇಯಿಂದ ನಾನಿದ್ದದ್ದು 660 ಅಡಿ ಮಾತ್ರ. ಎಲ್ಲವೂ ಬೇಗ ಬೇಗ ಬಂದಂತೆ, ತಿರುಗಲು ಹೊತ್ತೇ ಇಲ್ಲದಂತೆ ಅನಿಸುತ್ತಿದ್ದದ್ದು ಅದಕ್ಕೇ. ಮೀಟರಿನಲ್ಲಿ 1,340 ಇಟ್ಟ ದಿನದಿಂದ ಉಸಿರಾಡಲು ಸಮಯ ಸಿಕ್ಕಿತು.

ಈಗ ನೇರ ಹಿಡಿಯುವ ವಿಷಯ. ರನ್‌ವೇಯ ಸಂಖ್ಯೆ ಅಂದರೆ ದಿಕ್ಕು. 24 ಅಂದರೆ ದಿಕ್ಸೂಚಿಯಲ್ಲಿ ಸುಮಾರು 240 ಡಿಗ್ರಿ, ಇನ್ನೊಂದು ತುದಿಯಿಂದ ಅದೇ ಪಟ್ಟಿ 06, ಅಂದರೆ 60 ಡಿಗ್ರಿ. ಎಡ ಸರ್ಕಿಟ್ ಹಾಕುವುದಾದರೆ ಡೌನ್‌ವಿಂಡ್‌ನಲ್ಲಿ, ಅಂದರೆ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಸಮಾನಾಂತರ ಹೋಗುವ ಬದಿಯಲ್ಲಿ, 60ಕ್ಕೆ ಹೋಗಬೇಕು, ರನ್‌ವೇ ನಮ್ಮ ಎಡಗಡೆ. ಎಡಕ್ಕೆ ತಿರುಗಿದರೆ ಬೇಸ್ ಎಂಬ ಅಡ್ಡ ಬದಿ, 330. ಇನ್ನೊಮ್ಮೆ ಎಡಕ್ಕೆ ತಿರುಗಿದರೆ ಇಳಿಯುವ ನೇರ ದಾರಿ, ಅಂದರೆ ಫೈನಲ್, 240. ಈ ಮೂರು ಸಂಖ್ಯೆಯನ್ನು ಹಾರುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ. ಗಾಬರಿಯಲ್ಲಿ ಕೂಡಿ ಕಳೆಯಲು ಆಗುವುದಿಲ್ಲ, 29 ವರ್ಷ ಗಣಿತ ಹೇಳಿದವಳಿಗೂ ಆಗಲಿಲ್ಲ.

ಬೇಸ್‌ಗೆ ಯಾವಾಗ ತಿರುಗುವುದು? ರನ್‌ವೇಯ ತುದಿ ನಮ್ಮ ಎಡ ರೆಕ್ಕೆಯಿಂದ 45 ಡಿಗ್ರಿ ಹಿಂದೆ ಕಂಡಾಗ. ನಿಜವಾದ ವಿಮಾನದಲ್ಲಿ ಕತ್ತು ತಿರುಗಿಸಿದರೆ ಕಾಣುತ್ತದೆ. ಒಂದೇ ಪರದೆಯ ಮುಂದೆ ಕುಳಿತವರಿಗೆ ಕಾಣುವುದಿಲ್ಲ. ಜಾಯ್‌ಸ್ಟಿಕ್‌ನ ತುದಿಯಲ್ಲಿರುವ ಸಣ್ಣ ಗುಂಡಿಯಿಂದ ನೋಟ ತಿರುಗಿಸಬಹುದು. ಅದಕ್ಕೆ ಕೈ ಅಭ್ಯಾಸವಾಗಲು ಒಂದು ವಾರ ಬೇಕಾಯಿತು. ಕ್ಯಾಮೆರಾದ ಮೂಲಕ ತಲೆ ತಿರುಗಿಸಿದಂತೆ ನೋಟ ತಿರುಗುವ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವೂ ಇದೆ. ನಮ್ಮ ಕೋಣೆಯ ಬೆಳಕಿಗೆ ಅದು ಸರಿಯಾಗಿ ಹಿಡಿಯಲಿಲ್ಲ, ಬಿಟ್ಟೆ. ಇನ್ನೊಂದು, ಎಕ್ಸ್ ಕೀ ತಪ್ಪಿ ಒತ್ತಿದರೆ ನೋಟ ಹತ್ತಿರವಾಗುತ್ತದೆ. ರನ್‌ವೇ ಅಗಲವಾಗಿ ಕಾಣುತ್ತದೆ, ಅಳತೆಯೆಲ್ಲ ಹಾಳು. ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿದರೆ ಮೊದಲಿನಂತಾಗುತ್ತದೆ.

ಬೇಸ್‌ನಿಂದ ಫೈನಲ್‌ಗೆ ತಿರುಗುವ ಜಾಗದಲ್ಲಿ ನನ್ನ ಒಂದೂವರೆ ತಿಂಗಳು ಹೋಯಿತು. ರನ್‌ವೇಯ ಗೆರೆಯನ್ನು ನಮ್ಮ ಕಡೆಗೆ ಉದ್ದ ಎಳೆದರೆ ಆಕಾಶದಲ್ಲಿ ಒಂದು ಕಾಣದ ಗೆರೆ ಬರುತ್ತದೆ. ಅದರ ಮೇಲೆ ಹೋಗಿ ಕೂರಬೇಕು. ನಾನು ಗೆರೆಗೆ ಬಂದ ಮೇಲೆ ತಿರುಗಲು ಶುರು ಮಾಡುತ್ತಿದ್ದೆ. ಪ್ರತಿ ಸಲ ದಾಟಿ ಹೋಗುತ್ತಿತ್ತು. ಒಂದು ದಿನ ಕಾಗದ ಹಿಡಿದು ಲೆಕ್ಕ ಹಾಕಿದೆ. 70 ನಾಟ್, ಅಂದರೆ ಗಂಟೆಗೆ ಸುಮಾರು 130 ಕಿಲೋಮೀಟರ್, ವೇಗದಲ್ಲಿ ರೆಕ್ಕೆ 20 ಡಿಗ್ರಿ ವಾಲಿಸಿ ತಿರುಗಿದರೆ ಆ ವೃತ್ತದ ತ್ರಿಜ್ಯ ಸುಮಾರು 360 ಮೀಟರ್. ಅಂದರೆ ಗೆರೆ ಇನ್ನೂ 360 ಮೀಟರ್ ಇರುವಾಗಲೇ ತಿರುಗಲು ಶುರು ಮಾಡಬೇಕು. ಅದೇ 90 ನಾಟ್ ಆದರೆ 600 ಮೀಟರ್. ನಾನು ಬೇಸ್‌ನಲ್ಲಿ 90ರಲ್ಲೇ ಬರುತ್ತಿದ್ದೆ! ವೇಗದ ವರ್ಗದ ಲೆಕ್ಕದಲ್ಲಿ ವೃತ್ತ ದೊಡ್ಡದಾಗುತ್ತದೆ ಎಂದು ಎಷ್ಟು ಮಕ್ಕಳಿಗೆ ಬೋರ್ಡಿನಲ್ಲಿ ಬರೆದು ತೋರಿಸಿದ್ದೇನೆ. ಅದು ಮೈಗೆ ತಾಗಿದ್ದು ಆ ದಿನ.

ಅಂದಿನಿಂದ ಕ್ರಮ ಇದು. ಡೌನ್‌ವಿಂಡ್‌ನಲ್ಲಿ 90 ನಾಟ್. ಇಳಿಯುವ ಜಾಗದ ನೇರಕ್ಕೆ ಬಂದಾಗ ಎಂಜಿನ್ ವೇಗ ನಿಮಿಷಕ್ಕೆ 1,500 ಸುತ್ತಿಗೆ ತಂದು ಫ್ಲಾಪ್, ಅಂದರೆ ರೆಕ್ಕೆಯ ಹಿಂದಿನ ಇಳಿಯುವ ಪಟ್ಟಿ, ಒಂದು ಹಂತ. ಬೇಸ್‌ನಲ್ಲಿ 75ರ ಆಸುಪಾಸು, ಫ್ಲಾಪ್ ಇನ್ನೊಂದು ಹಂತ. ಫೈನಲ್‌ನಲ್ಲಿ 65. ವೇಗ ಸರಿಯಾದರೆ ತಿರುವು ತಾನಾಗಿ ಅರ್ಧ ಸರಿಯಾಗುತ್ತದೆ. ಸ್ವಲ್ಪ ಕಲಿತ ಮೇಲೆ ಗಾಳಿ ಹಾಕಿ ನೋಡಿದೆ. 150 ಡಿಗ್ರಿ ಕಡೆಯಿಂದ ಬೀಸುವ ಗಾಳಿ ಈ ಬೇಸ್‌ನಲ್ಲಿ ಹಿಂದಿನಿಂದ ನೂಕುತ್ತದೆ, ಆಗ ಇನ್ನೂ ಮೊದಲೇ ತಿರುಗಬೇಕು.

ದಾಟಿ ಹೋದಾಗ ಒಂದು ಆಸೆ ಬರುತ್ತದೆ. ರೆಕ್ಕೆಯನ್ನು ಇನ್ನೂ ವಾಲಿಸಿ, ಹಿಡಿಯನ್ನು ಎಳೆದು, ಹೇಗಾದರೂ ಗೆರೆಗೆ ಮರಳುವ ಆಸೆ. ದಯವಿಟ್ಟು ಮಾಡಬೇಡಿ. 45 ಡಿಗ್ರಿ ವಾಲಿಸಿ ಎತ್ತರ ಕಾಯ್ದುಕೊಂಡರೆ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆಗೆ ಎತ್ತುವ ಬಲ ಸಾಲದೆ ಬೀಳುವ, ವೇಗ ಶೇಕಡಾ 19 ಏರುತ್ತದೆ. 60 ಡಿಗ್ರಿಗೆ ಶೇಕಡಾ 41. ನಾವು ಇರುವುದೇ ಕಡಿಮೆ ವೇಗದಲ್ಲಿ, ನೆಲದ ಹತ್ತಿರ. ನನ್ನ ವಿಮಾನ ಹಾಗೆ ಏಳು ಸಲ ಬಿದ್ದಿದೆ. ಪರದೆಯಲ್ಲಿ ಬಿದ್ದರೂ ಎದೆ ಝಲ್ಲೆನ್ನುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಇದೇ ರನ್‌ವೇ 24ರಲ್ಲಿ ಇಳಿದು, ತುದಿ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಹೋದರು. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಆ ದಿನ ಮರೆಯಲಾರದ ದಿನ. ತನಿಖೆಯ ವರದಿ ಹೇಳಿದ್ದು ಇಷ್ಟು: ವಿಮಾನ ತುಂಬಾ ಮೇಲಿತ್ತು, ಸಹಪೈಲಟ್ ಮೂರು ಸಲ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರೋಣ ಎಂದಿದ್ದರು, ಆದರೂ ಇಳಿಯುವುದನ್ನು ಬಿಡಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆ ರನ್‌ವೇಯನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುವುದು ಸರಿಯೋ ಎಂದು ಬಹಳ ಯೋಚಿಸಿದೆ. ಕೊನೆಗೆ ಅಲ್ಲೇ ಮುಂದುವರಿಸಿದೆ, ಆದರೆ ಒಂದು ಗೇಟು ಇಟ್ಟುಕೊಂಡು. ರನ್‌ವೇಯಿಂದ 300 ಅಡಿ ಮೇಲೆ, ಅಂದರೆ ಮೀಟರಿನಲ್ಲಿ 640 ಬರುವಾಗ ನಾನು ಗೆರೆಯ ಮೇಲೆ ಇರಬೇಕು, ವೇಗ 65ರ ಹತ್ತಿರ ಇರಬೇಕು. ಇಲ್ಲದಿದ್ದರೆ ಯೋಚನೆಯೇ ಇಲ್ಲ. ಪೂರ್ತಿ ಥ್ರಾಟಲ್, ಮೂಗು ಮೇಲೆ, ಫ್ಲಾಪ್ ಹಂತ ಹಂತವಾಗಿ ಒಳಗೆ, ಮತ್ತೊಂದು ಸುತ್ತು. 214ರಲ್ಲಿ 90ಕ್ಕಿಂತ ಜಾಸ್ತಿ ಸಲ ಹೀಗೆ ಮೇಲೇರಿದ್ದೇನೆ. ಅವನ್ನು ನೋಟ್‌ಬುಕ್ಕಿನಲ್ಲಿ ಸೋಲು ಎಂದು ಬರೆದಿಲ್ಲ. ಸರಿ ಗುರುತನ್ನೇ ಹಾಕಿದ್ದೇನೆ.

ಬದಲಿ ಜಾಯ್‌ಸ್ಟಿಕ್ ಬಂದ ಮೇಲೂ ನಾನು ಇಳಿಯುತ್ತಿದ್ದದ್ದು ಎಡಕ್ಕೇ. ಈ ಸಲ ಯಂತ್ರ ಸರಿ ಇತ್ತು. ಕಾರಣ ಕೂರುವ ಜಾಗ. ಪೈಲಟ್ ಕೂರುವುದು ಎಡಗಡೆಯ ಸೀಟಿನಲ್ಲಿ. ವಿಮಾನದ ಮೂತಿಯ ನಡು ಅವನಿಗೆ ಸ್ವಲ್ಪ ಬಲಕ್ಕೆ ಕಾಣುತ್ತದೆ. ನಾನು ಆ ಮೂತಿಯನ್ನು ರನ್‌ವೇಗೆ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ವಿಮಾನ ನಿಜಕ್ಕೂ ನೋಡುವುದು ರನ್‌ವೇಯ ಎಡಕ್ಕೆ. ಒಂದು ಮೈಲಿ ದೂರದಲ್ಲಿ, ವಿಮಾನದ ಲೆಕ್ಕದ ಮೈಲಿ 1,852 ಮೀಟರ್, ಒಂದೇ ಒಂದು ಡಿಗ್ರಿ ತಪ್ಪಿದರೆ ರನ್‌ವೇ ತಲುಪುವಾಗ 32 ಮೀಟರ್ ಆಚೆ ಇರುತ್ತೇವೆ. ಬಜ್ಪೆಯ ರನ್‌ವೇಯ ಅಗಲ 45 ಮೀಟರ್. ನಡುವಿನಿಂದ ಅಂಚಿಗೆ 22 ಮೀಟರ್ ಚಿಲ್ಲರೆ. ಒಂದು ಡಿಗ್ರಿ ಸಾಕು, ಹುಲ್ಲಿನ ಮೇಲೆ ಇಳಿಯಲು.

ಇದಕ್ಕೆ ಉಪಾಯ ಬೊಟ್ಟು. ವಿಮಾನವನ್ನು ರನ್‌ವೇಯ ನಡುಗೆರೆಯ ಮೇಲೆ ನೇರ ನಿಲ್ಲಿಸಿ. ದೂರದ ತುದಿ ಪರದೆಯಲ್ಲಿ ಎಲ್ಲಿ ಕಾಣುತ್ತದೋ ಅಲ್ಲಿ ಒಂದು ಸಣ್ಣ ಸ್ಟಿಕ್ಕರ್ ಬೊಟ್ಟು ಅಂಟಿಸಿ. ಅದೇ ನಿಮ್ಮ ನಿಜವಾದ ಮುಂದು. ಗಾಳಿ ಇಲ್ಲದಾಗ ಫೈನಲ್‌ನಲ್ಲಿ ಆ ಬೊಟ್ಟಿನ ನೇರಕ್ಕೇ ರನ್‌ವೇ ಬರಬೇಕು. ಪಕ್ಕದ ಗಾಳಿ ಇದ್ದಾಗ ಮಾತ್ರ ಇದು ನಡೆಯುವುದಿಲ್ಲ. ಆಗ ಮೂತಿಯನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿಯೇ ಬರಬೇಕಾಗುತ್ತದೆ.

ಬೊಟ್ಟು ಹೇಳುವುದು ಎತ್ತ ನೋಡುತ್ತಿದ್ದೇವೆ ಎಂದು. ಎಲ್ಲಿ ಇದ್ದೇವೆ ಎಂದು ಹೇಳುವುದು ರನ್‌ವೇಯ ಆಕಾರ. ಇದನ್ನು ಹೇಳಿಕೊಟ್ಟವರು ನಮ್ಮ ಮನೆಯವರು. ಸೆಪ್ಟೆಂಬರಿನಲ್ಲಿ ಕೆಳಗಿನ ಗದ್ದೆಯಲ್ಲಿ ಅಡಿಕೆ ಸಸಿ ಇಡಲು ಗೂಟ ಹೊಡೆಯುತ್ತಿದ್ದರು. ಒಂಬತ್ತು ಅಡಿಗೆ ಒಂದು. ನಾನು ಹಗ್ಗದ ಈ ತುದಿ ಹಿಡಿದಿದ್ದೆ. ಅವರು ಸಾಲಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, "ಹತ್ತಿರದ ಗೂಟ ನೋಡಿದ್ರೆ ಸಾಲು ಸಿಕ್ಕುವುದಿಲ್ಲ. ಕಡೆಯ ಗೂಟ ನೋಡ್ಬೇಕು" ಅಂದರು. ಹಗ್ಗ ಕೈಯಲ್ಲಿ ಹಿಡಿದೇ ನಾನು ರನ್‌ವೇಯನ್ನು ನೆನೆದೆ. ಅಷ್ಟು ದಿನ ನಾನು ನೋಡುತ್ತಿದ್ದದ್ದು ರನ್‌ವೇಯ ಹತ್ತಿರದ ತುದಿಯನ್ನು ಮಾತ್ರ.

ಸಾಲಿನ ಬಲಕ್ಕೆ ನಿಂತು ನೋಡಿದರೆ ಸಾಲು ಬಲಕ್ಕೆ ವಾಲಿದಂತೆ ಕಾಣುತ್ತದೆ. ಬುಡ ಎಡಕ್ಕೆ, ತಲೆ ಬಲಕ್ಕೆ. ಎಡಕ್ಕೆ ನಿಂತರೆ ಎಡಕ್ಕೆ ವಾಲುತ್ತದೆ. ನಡುವೆ ನಿಂತರೆ ಅಡಿಕೆ ಮರದ ಹಾಗೆ ನೆಟ್ಟಗೆ. ರನ್‌ವೇಯ ನಡುಗೆರೆಯೂ ಹಾಗೇ. ಗೆರೆ ಯಾವ ಕಡೆ ವಾಲಿದೆಯೋ ನಾವು ಆ ಕಡೆ ಇದ್ದೇವೆ. ಬುಡ ಯಾವ ಕಡೆ ಇದೆಯೋ ಆ ಕಡೆ ಹೋಗಬೇಕು. ಹೋಗುವಾಗ ರೆಕ್ಕೆ ಐದು ಹತ್ತು ಡಿಗ್ರಿ ವಾಲಿಸಿದರೆ ಸಾಕು. ಇನ್ನೊಂದು ನೆನಪಿಡಿ, ತಿದ್ದುವುದು ಎರಡು ಕೆಲಸ. ಗೆರೆಯ ಕಡೆಗೆ ತಿರುಗುವುದು ಒಂದು, ಗೆರೆ ನೆಟ್ಟಗಾಗುವ ಸ್ವಲ್ಪ ಮೊದಲೇ ಮರಳಿ 240ಕ್ಕೆ ತಿರುಗುವುದು ಇನ್ನೊಂದು. ಎರಡನೆಯದನ್ನು ಮರೆತರೆ ಆ ಕಡೆ ಈ ಕಡೆ ಹಾವಿನಂತೆ ಹೋಗುತ್ತೇವೆ. ನಾನು ಹಾಗೆ ಹೋದದ್ದು ಇಪ್ಪತ್ತು ಸಲಕ್ಕೂ ಜಾಸ್ತಿ.

ಎತ್ತರಕ್ಕೂ ಆಕಾರವೇ ಸಾಕ್ಷಿ. ರನ್‌ವೇ ಉದ್ದಕ್ಕೆ, ಸಪೂರಕ್ಕೆ ಕಂಡರೆ ಮೇಲಿದ್ದೇವೆ. ಗಿಡ್ಡಕ್ಕೆ, ಚಪ್ಪಟೆಯಾಗಿ ಕಂಡರೆ ಕೆಳಗಿದ್ದೇವೆ. ಮೂರು ಡಿಗ್ರಿಯ ಇಳಿಜಾರಿಗೆ ಮೈಲಿಗೆ ಸುಮಾರು 300 ಅಡಿ ಲೆಕ್ಕ. ಎರಡು ಮೈಲಿಯಲ್ಲಿ 600. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪ, ಪಾಪಿ ಎನ್ನುತ್ತಾರೆ, ಇದ್ದರೆ ಇನ್ನೂ ಸುಲಭ. ಎರಡು ಬಿಳಿ ಎರಡು ಕೆಂಪು ಸರಿ. ನಾಲ್ಕೂ ಬಿಳಿ ಆದರೆ ತುಂಬಾ ಮೇಲೆ, ನಾಲ್ಕೂ ಕೆಂಪು ಆದರೆ ತುಂಬಾ ಕೆಳಗೆ. ಶುರುವಿಗೆ ಪೂರ್ತಿ ಸರ್ಕಿಟ್ ಹಾಕುವ ಮೊದಲು ಫ್ಲೈಟ್‌ಗಿಯರಿನ ಜಾಗ ಆರಿಸುವ ಪರದೆಯಲ್ಲಿ ನೇರ ಫೈನಲ್‌ನಲ್ಲೇ ವಿಮಾನ ಇಡುವ ಅವಕಾಶ ಇದೆ. ಮೂರು ಮೈಲಿಯಿಂದ ಹತ್ತಿಪ್ಪತ್ತು ಸಲ ಬರೀ ಗೆರೆ ನೆಟ್ಟಗೆ ಹಿಡಿಯುವುದನ್ನು ಮಾಡಿ. ಇಳಿಯಲೂ ಬೇಡಿ, 300 ಅಡಿಗೆ ಬಂದು ಮೇಲೇರಿ. ನಾನು ಇದನ್ನು ಕಂಡುಕೊಂಡದ್ದು ಮೂರನೇ ತಿಂಗಳಿನಲ್ಲಿ. ಹಾರಿದ ಮೇಲೆ ರೀಪ್ಲೇ ಹಾಕಿ ಹಿಂದಿನಿಂದ ನೋಡುವುದನ್ನೂ ಬಿಡಬೇಡಿ. ಒಳಗೆ ಕುಳಿತಾಗ ಕಾಣದ ತಪ್ಪು ಅಲ್ಲಿ ಕಾಣುತ್ತದೆ.

ಒಟ್ಟು ಖರ್ಚು ಕೇಳುವವರಿಗೆ: ಜಾಯ್‌ಸ್ಟಿಕ್, ಯುಪಿಎಸ್, ರ‍್ಯಾಮ್, ಕೊರಿಯರ್, ಪ್ರಿಂಟು ಎಲ್ಲ ಸೇರಿ 9,890 ರೂಪಾಯಿ. ಬೊಟ್ಟು ಮನೆಯಲ್ಲೇ ಇತ್ತು.

ಇನ್ನು ಮೊನ್ನೆಯ ಭಾನುವಾರ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಇವರು ತೋಟಕ್ಕೆ ಕೊನೆಯ ಸಲದ ಬೋರ್ಡೋ ಮದ್ದು ಬಿಡಿಸಿ, ಕೈಕಾಲು ತೊಳೆದು ಒಳಗೆ ಬಂದರು. ಕಾಫಿ ಕೇಳುವವರು ಸುಮ್ಮನೆ ನನ್ನ ಕುರ್ಚಿಯ ಹಿಂದೆ ನಿಂತರು. ನಾನು ಬೇಸ್‌ನಲ್ಲಿದ್ದೆ, 75 ನಾಟ್. ಗೆರೆಗೆ ಇನ್ನೂ ದೂರ ಇರುವಾಗಲೇ ತಿರುಗಿದೆ. ರೆಕ್ಕೆ 20 ಡಿಗ್ರಿಗಿಂತ ಜಾಸ್ತಿ ವಾಲಲು ಬಿಡಲಿಲ್ಲ. ತಿರುವು ಮುಗಿಯುವಾಗ ರನ್‌ವೇ ಬೊಟ್ಟಿನ ಹತ್ತಿರ ಬಂದು ನಿಂತಿತು. ಮೀಟರಿನಲ್ಲಿ 900. ಅಂಗೈ ಬೆವರುತ್ತಿತ್ತು.

ಹಿಂದಿನಿಂದ ಇವರು ಸ್ವಲ್ಪ ಬಗ್ಗಿದರು. ಪರದೆಯ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು, ಒಂದು ಕಣ್ಣು ಮುಚ್ಚಿದ್ದರು.

"ಬುಡ ಒಂದು ಚೂರು ಎಡಕ್ಕೆ ಉಂಟು" ಅಂದರು.

ಹಿಡಿಯನ್ನು ಎಡಕ್ಕೆ ಒಂದಿಷ್ಟು ಒತ್ತಿದೆ. ಮೂರು ಎಣಿಸಿ ಮರಳಿ ತಂದೆ. 640ರಲ್ಲಿ ಗೆರೆ ನೆಟ್ಟಗಿತ್ತು, ವೇಗ 66. ಮೇಲೇರಲಿಲ್ಲ.